ಹಾಲುಬಣ್ಣದ ಸೀಸೆ

೧೯೫೨ನೆಯ ಇಸವಿ ಏಪ್ರಿಲ್ ತಿಂಗಳ ೧೭ನೆಯ ತಾರೀಖು, ಗುರುವಾರ. ಬೆಳಗಿನ ಒಂಬತ್ತು ಗಂಟೆಗೇ ಕುರುಗೋಡಿನ ಕಲ್ಲುಗುಡ್ಡಗಳು ಕಾದು, ಪೊಲೀಸ್ ಠಾಣೆಯೊಳಗೆ ಕುಳಿತವರ ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು. ಠಾಣೆಯ ತಪಾಸಣೆಗೆಂದು ಬಳ್ಳಾರಿಯಿಂದ ಬಂದಿದ್ದ ಇನ್ಸ್‌ಪೆಕ್ಟರ್ ಅಂಜಿನಪ್ಪನವರು ಬಂದೂಕುಗಳನ್ನು ನೋಡಿ ಮುಗಿಸಿ, ಕುಡಿಯಲು ನೀರು ಕೇಳಿದ ಹೊತ್ತಿಗೆ ಸರ್ಕಾರಿ ಔಷಧಾಲಯದ ಡಾಕ್ಟರ್ ಪಕ್ಕೀರಪ್ಪ ಒಳಗೆ ಬಂದರು. ಅವರ ಅಂಗಿಯ ತೋಳುಗಳು ಮೊಣಕೈಯವರೆಗೆ ಮಡಿಸಿದ್ದು ಹಾಗೆಯೇ ಇದ್ದವು. ನಿದ್ರೆಗೆಟ್ಟ ಕಣ್ಣುಗಳು ಕೆಂಪಗಿದ್ದವು.

“ಒಂದು ಸಾವು ಆಗೈತಿ ಸಾಹೇಬ್ರ,” ಎಂದರು ಡಾಕ್ಟರು. “ಮಣ್ಣು ಮಾಡಾಕ ಹೊಂಟಾರ. ಅದಕ್ಕಿಂತ ಮೊದಲ ನೀವು ನೋಡಬೇಕು.”

“ಯಾರದು?”

“ಎಣ್ಣಿ ಗಾಣದ ಉಚ್ಚೆಂಗೆಪ್ಪನ ಮಗಳು, ವಿರೂಪಮ್ಮ. ಹತ್ತೊಂಬತ್ತರ ಹುಡುಗಿ. ಎರಡು ವರ್ಷದಿಂದ ಸಕ್ಕರಿ ಬ್ಯಾನಿ ಇತ್ತು.”

“ಬ್ಯಾನಿಯಿಂದ ಸತ್ತರ ಅದು ನಿಮ್ಮ ಕೆಲಸ ಆತು. ನಮ್ಮದೇನೈತಿ ಅದ್ರಾಗ?”

“ಮದ್ದು ಇದ್ದೂ ಸತ್ತಾಳ. ಅದು ನಿಮ್ಮ ಕೆಲಸ.”

ಇನ್ಸ್‌ಪೆಕ್ಟರು ನೀರಿನ ಲೋಟವನ್ನು ಕೆಳಗಿಟ್ಟು, ಕುರ್ಚಿ ತೋರಿಸಿದರು. ಹೆಡ್ ಕಾನ್‌ಸ್ಟೇಬಲ್ ಮಾಬುಸಾಬ್ ಕಾಗದ ಎಳೆದುಕೊಂಡು ಬರೆಯಲು ಕುಳಿತ.

ಡಾಕ್ಟರು ಹೇಳಿದ್ದು ಇಷ್ಟು. ವಿರೂಪಮ್ಮನ ದೇಹಕ್ಕೆ ಸಕ್ಕರೆಯನ್ನು ಅರಗಿಸುವ ಶಕ್ತಿ ಹೋಗಿತ್ತು. ಇನ್ಸುಲಿನ್ ಎಂಬ ಔಷಧವನ್ನು ದಿನವೂ ಸೂಜಿಯಿಂದ ತೊಡೆಗೆ ಕೊಟ್ಟರೆ ಅವಳು ಎಲ್ಲರಂತೆ ಇರುತ್ತಿದ್ದಳು. ಅದು ನಿಂತರೆ ರಕ್ತದಲ್ಲಿ ವಿಷದಂತಹ ಹುಳಿ ಏರುತ್ತದೆ. ಬುಧವಾರ ಬೆಳಿಗ್ಗೆ ಕರೆ ಬಂದು ಅವರು ಹೋದಾಗ ಹುಡುಗಿ ಎಡೆಬಿಡದೆ ವಾಂತಿ ಮಾಡುತ್ತಿದ್ದಳು. ನಾಲಗೆ ಒಣಗಿ ಕಟ್ಟಿಗೆಯಾಗಿತ್ತು. ಓಡಿ ಬಂದವರಂತೆ ಆಳವಾಗಿ ಉಸಿರೆಳೆಯುತ್ತಿದ್ದಳು. ಆ ಉಸಿರಿಗೆ ಕೊಳೆಯಲು ಹತ್ತಿದ ಬಾಳೆಹಣ್ಣಿನ ವಾಸನೆಯಿತ್ತು.

“ಬಾಗಲಾಗ ಕಾಲಿಟ್ಟ ಕೂಡಲೇ ಆ ವಾಸನಿ ಬಂತು. ಒಮ್ಮೆ ಮೂಸಿದವರು ಮರೆಯಾಂಗಿಲ್ರಿ. ಔಷಧಾಲಯದಾಗ ಇನ್ಸುಲಿನ್ ಇಡೂದಿಲ್ಲ. ಮನ್ಯಾಗಿನ ಸೀಸೆಯಿಂದನ ದೊಡ್ಡ ಪ್ರಮಾಣ ಕೊಟ್ಟಿನಿ. ಅದು ನಿಧಾನದ ಜಾತಿ, ಖರೆ. ಉಪ್ಪುನೀರು ಚರ್ಮದ ಕೆಳಗ ಏರಿಸಿದೆ. ತೀವ್ರ ಜಾತೀದು ತರಾಕ ಬಳ್ಳಾರಿಗೆ ಆಳು ಕಳಿಸಿದೆ. ಆಳು ಬರೂದ್ರಾಗ ಉಸಿರು ನಿಂತಿತ್ತು.”

“ಅನುಮಾನ ಯಾಕ ಬಂತು?”

“ಎರಡನೇ ಸಲ ಚುಚ್ಚುವಾಗ ಸೂಜಿ ತುದೀಲೆ ಒಂದು ಹನಿ ಹೊರಗ ಬಿಟ್ಟೆ. ಇನ್ಸುಲಿನ್ ಕೆಡಬಾರದಂತ ಅದಕ್ಕ ಒಂದು ದ್ರವ ಹಾಕಿರತಾರ. ಫಿನಾಯಿಲ್ ವಾಸನಿ ಸಣ್ಣಗ ಬರತೈತಿ. ಈ ಹನಿಗೆ ಏನೂ ವಾಸನಿ ಇರಲಿಲ್ಲ.”

ಹೇಳಿಕೆಗೆ ಸಹಿಯಾಯಿತು. ಅನುಮಾನಾಸ್ಪದ ಮರಣವೆಂದು ಎಫ್.ಐ.ಆರ್. ದಾಖಲಾಯಿತು. ಇನ್ಸ್‌ಪೆಕ್ಟರು ಟೋಪಿ ಎತ್ತಿಕೊಂಡರು.

*

ಉಚ್ಚೆಂಗೆಪ್ಪನ ಮನೆಯ ಪಡಸಾಲೆಯಲ್ಲಿ ಹುಡುಗಿಯ ದೇಹವನ್ನು ಅವರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಹೊರಗೆ ಶವವನ್ನು ಕೂರಿಸಿ ಒಯ್ಯುವ ವಿಮಾನ ಕಟ್ಟುತ್ತಿದ್ದವರು ಖಾಕಿಯನ್ನು ಕಂಡು ಹಗ್ಗ ಬಿಟ್ಟು ನಿಂತರು. ದೇಹವನ್ನು ಬಳ್ಳಾರಿಗೆ ಒಯ್ದು ಕೊಯ್ದು ನೋಡಬೇಕಾಗುತ್ತದೆ ಎಂದಾಗ ಗುಂಪಿನಿಂದ ಒಂದು ಧ್ವನಿ ಬಂತು.

“ಸತ್ತಾಕಿನ್ನ ಮತ್ತೊಮ್ಮೆ ಸಾಯಿಸಾಕ ಬಂದೀರೇನು?”

“ಹೌದಪ್ಪ, ನಮಗ ಬ್ಯಾರೆ ಕೆಲಸಿಲ್ಲ,” ಎಂದ ಮಾಬುಸಾಬ್. “ಮೊದಲನೇ ಸಲ ಯಾರು ಸಾಯಿಸಿದ್ರು ಅಂತ ನೀನ ಹೇಳು, ನಾವು ಈಗಲೇ ಹೊಳ್ಳಿ ಹೋಗ್ತೀವಿ.”

ಗುಂಪು ಬಾಗಿಲು ಬಿಟ್ಟು ಸರಿಯಿತು.

ಐವರು ಪಂಚರ ಸಮಕ್ಷಮ ಶವಪಂಚನಾಮೆ ನಡೆಯಿತು. ಹೆಂಗಸರಿಂದಲೇ ಬಟ್ಟೆ ಸರಿಸಿ ತೋರಿಸಿದಾಗ ಎರಡೂ ತೊಡೆಗಳ ಮೇಲೆ ಸೂಜಿಯ ಗುರುತುಗಳು ಕಂಡವು. ಹಳೆಯವು ಮಾಸಿದ್ದವು. ಇತ್ತೀಚಿನವು ಮಾತ್ರ ಕೆಂಪೇರಿ, ಊದಿ, ಗಟ್ಟಿಯಾಗಿ, ಒಂದೆರಡರಲ್ಲಿ ಕೀವು ತುಂಬಿತ್ತು. ಡಾಕ್ಟರು ಅವನ್ನು ಬೆರಳಿನಿಂದ ಮುಟ್ಟಿ, “ಇವು ಹತ್ತು ಹನ್ನೆರಡು ದಿನದ ಒಳಗಿನವು,” ಎಂದರು. ಅದಕ್ಕೆ ಮೊದಲು ಸೀಸೆಯಲ್ಲಿ ಇದ್ದದ್ದು ಬೇರೆ, ಅನಂತರ ಇದ್ದದ್ದು ಬೇರೆ ಎಂದು ಇನ್ಸ್‌ಪೆಕ್ಟರಿಗೆ ಸ್ಪಷ್ಟವಾಯಿತು.

ಉಚ್ಚೆಂಗೆಪ್ಪ ಕಂಬಕ್ಕೆ ಒರಗಿ ಕುಳಿತವನು ಏನು ಕೇಳಿದರೂ, “ನಮ್ಮ ಅಕ್ಕನ್ನ ಕೇಳ್ರಿ,” ಎನ್ನುತ್ತಿದ್ದ. ಅಕ್ಕ ಎಂದರೆ ಚನ್ನವೀರಮ್ಮ. ಐವತ್ತೈದರ ವಿಧವೆ. ತಾಯಿ ಸತ್ತ ವಿರೂಪಮ್ಮನನ್ನು ತೊಟ್ಟಿಲಿನಿಂದ ಸಾಕಿದ ಸೋದರತ್ತೆ. ತೆಳ್ಳನೆಯ ನೇರ ಮೈ. ಅತ್ತು ಅತ್ತು ಧ್ವನಿ ಒಡೆದಿತ್ತು.

“ದಿನಾ ಸೂಜಿ ಯಾರು ಚುಚ್ಚತಿದ್ದರು?”

“ನಾನು.”

“ಕಲಿಸಿದವರು?”

“ಇದೇ ಡಾಕ್ಟರು.”

“ಇತ್ತೀಚಿಗೆ ಒಂದರ ದಿನ ತಪ್ಪಿತ್ತೇನು?”

“ತಪ್ಪಿಲ್ಲ. ಲಿಂಗದ ಆಣಿ, ಒಂದು ದಿನಾನೂ ತಪ್ಪಿಲ್ಲ.”

“ಸೀಸೆ ಎಲ್ಲಿರತಿತ್ತು?”

“ಹೊಸ ಮಡಕ್ಯಾಗ, ಹಸಿ ಉಸುಕಿನ್ಯಾಗ. ತಂಪಿರಬೇಕಂತ.”

“ಬ್ಯಾರೆ ಯಾರರ ಮುಟ್ಟತಿದ್ದರಾ?”

“ನಾ ಯಾರಿಗೂ ಮುಟ್ಟಗೊಟ್ಟಿಲ್ಲ.”

ಮೂವತ್ತು ವರ್ಷದ ನೌಕರಿಯಲ್ಲಿ ಅಂಜಿನಪ್ಪನವರು ಒಂದನ್ನು ಕಂಡುಕೊಂಡಿದ್ದರು. ಸುಳ್ಳು ಹೇಳುವವರ ಉತ್ತರಕ್ಕೆ ಬಾಲವಿರುತ್ತದೆ. ಕೇಳದ ವಿವರವನ್ನೂ ಅವರು ಸೇರಿಸುತ್ತಾರೆ. ಈಕೆಯ ಉತ್ತರಗಳಿಗೆ ಬಾಲವಿರಲಿಲ್ಲ. ಆದ್ದರಿಂದ ಅವರ ಅನುಮಾನ ಈ ಮನೆಯನ್ನು ಬಿಟ್ಟು, ಸೀಸೆ ಬಂದ ಅಂಗಡಿಯ ಕಡೆಗೆ ತಿರುಗಿತು. ಯುದ್ಧದ ಕಾಲದಿಂದಲೂ ವಿಲಾಯತಿ ಔಷಧಗಳಿಗೆ ನೀರು ಬೆರೆಸಿ ಮಾರುವವರ ಕತೆಗಳನ್ನು ಅವರು ಬಲ್ಲರು. ಅರ್ಧ ತುಂಬಿದ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ, ಅರಗು ಹಾಕಿ ಮೊಹರು ಮಾಡಿದರು. ಒಳಗಿನ ದ್ರವ ಹಾಲಿನಲ್ಲಿ ನೀರು ಬೆರೆಸಿದಂತೆ ಬೆಳ್ಳಗೆ ಮಬ್ಬಾಗಿತ್ತು. ನಿಧಾನದ ಜಾತಿಯ ಇನ್ಸುಲಿನ್ ಇರುವುದೇ ಹಾಗೆ, ಅಲುಗಾಡಿಸಿಯೇ ಅದನ್ನು ಬಳಸಬೇಕು ಎಂದು ಡಾಕ್ಟರು ಹೇಳಿದರು.

*

ಶುಕ್ರವಾರ ಬೆಳಿಗ್ಗೆ ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ನಡೆಯುತ್ತಿದ್ದಾಗ, ಇನ್ಸ್‌ಪೆಕ್ಟರು ಬ್ರೂಸ್‌ಪೇಟೆಯ ಔಷಧದ ಅಂಗಡಿಯಲ್ಲಿದ್ದರು. ಮಾಲೀಕ ಮದರಾಸಿಗೆ ಹೋಗಿದ್ದ. ಕಂಪೌಂಡರ್ ಎರ್ರೆಪ್ಪ ಒಬ್ಬನೇ ಇದ್ದ. ಬಾಯಲ್ಲಿ ಎಲೆಯಡಿಕೆ, ಕಿವಿಯ ಸಂದಿಯಲ್ಲಿ ಪೆನ್ಸಿಲು.

“ನಿಮ್ಮಲ್ಲಿ ನೀರು ಬೆರಸೂದು ಯಾವಾಗಿಂದ ನಡದೈತಿ?”

“ನಾವು ಹಾಲು ಮಾರೂದಿಲ್ರಿ ಸಾಹೇಬ್ರ.”

“ನಗಬ್ಯಾಡ. ಒಂದು ಹುಡುಗಿ ಸತ್ತಾಳ.”

ಎರ್ರೆಪ್ಪ ಎಲೆಯಡಿಕೆ ಉಗುಳಿ ಬಂದ. ಆ ಸೀಸೆ ಬಂದ ಪೆಟ್ಟಿಗೆಯನ್ನು ತೆಗೆದು ತೋರಿಸಿದ. ಸೀಸೆಗಳ ಮೇಲಿನ ಸಂಖ್ಯೆ ಒಂದೇ. ಅದೇ ಪೆಟ್ಟಿಗೆಯಿಂದ ಇನ್ನೊಂದು ಸೀಸೆಯನ್ನು ಕಂಟೋನ್ಮೆಂಟಿನ ಖಾಜಾಮಿಯಾ ಒಯ್ದಿದ್ದಾನೆ ಎಂದೂ ಹೇಳಿದ.

ಖಾಜಾಮಿಯಾ ರೈಲ್ವೆಯ ನಿವೃತ್ತ ಗಾರ್ಡು. ಜೀಪಿನ ಸದ್ದಿಗೆ ಬಾಗಿಲಿಗೆ ಬಂದು, ಪೊಲೀಸರು ಅವನ ಆರೋಗ್ಯ ವಿಚಾರಿಸಲು ಬಂದಿದ್ದಾರೆಂದು ಕೇಳಿ ಬೆರಗಾದ.

“ಮೂವತ್ತೈದು ವರ್ಷ ಗಾಡಿ ನಡೆಸಿದೆ, ಸರ್ಕಾರ ಒಂದು ದಿನಾನೂ ನಿನ್ನ ತಬಿಯತ್ತು ಹೆಂಗೈತಿ ಅಂತ ಕೇಳಲಿಲ್ಲ. ಈಗ ಇನ್ಸ್‌ಪೆಕ್ಟರನ್ನ ಕಳಿಸೈತಿ. ಸತ್ತಂಗ ಕಾಣ್ತೀನೇನ್ರಿ?”

“ಸೀಸೆ ತೋರಸ್ರಿ ಗಾರ್ಡ್ ಸಾಹೇಬ್ರ,” ಎಂದ ಮಾಬುಸಾಬ್. “ಹಸಿರು ನಿಶಾನಿ ಆಮ್ಯಾಲ ತೋರಸೀರಂತ.”

ಮುದುಕ ಸೂಜಿಯಲ್ಲಿ ಔಷಧ ಎಳೆದು ಒಂದು ಹನಿಯನ್ನು ಇನ್ಸ್‌ಪೆಕ್ಟರ ಅಂಗೈಗೆ ಬಿಟ್ಟ. ಸಣ್ಣಗೆ, ಆದರೆ ಖಚಿತವಾಗಿ, ಫಿನಾಯಿಲಿನ ವಾಸನೆ ಬಂತು. ಅಂಗಡಿಯ ಮೇಲಿನ ಅನುಮಾನ ಅಲ್ಲಿಗೆ ಬಿದ್ದುಹೋಯಿತು.

ಇನ್ಸ್‌ಪೆಕ್ಟರು ಮತ್ತೆ ಬ್ರೂಸ್‌ಪೇಟೆಗೆ ಬಂದರು. ಈ ಸಲ ಅವರು ಕುಳಿತುಕೊಳ್ಳಲಿಲ್ಲ.

“ಕುರುಗೋಡಿನ ಸೀಸೆ ಒಯ್ದಾಕಿ ಯಾರು?”

“ಆ ದೊಡ್ಡವ್ವ. ಚನ್ನವೀರಮ್ಮ. ಯುಗಾದಿ ಮುಂದ ಬಂದು ಎರಡು ಒಯ್ದಳು.”

“ಎರಡು ಯಾಕ?”

“ಒಂದು ಕುರುಗೋಡಿಗೆ, ಒಂದು ಸಿರುಗುಪ್ಪಕ್ಕ. ಆಕಿ ಸ್ವಂತ ಮಗಳು ಪಾರಮ್ಮ ಅಲ್ಲಿ ಅದಾಳ. ಆಕಿಗೂ ಇದೇ ಬ್ಯಾನಿ.”

ಇನ್ಸ್‌ಪೆಕ್ಟರು ಮೇಜಿನ ಮೇಲೆ ಕೈಯೂರಿ ಮುಂದಕ್ಕೆ ಬಾಗಿದರು.

“ಅವತ್ತು ಏನು ಮಾತಾಡಿದ್ಲು?”

“ಏನಿಲ್ರಿ.”

“ಎರ್ರೆಪ್ಪ.”

ಅವನು ಕಿವಿಯ ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲಿಯೇ ಸಿಕ್ಕಿಸಿದ. “ಇಷ್ಟು ತುಟ್ಟಿ ಯಾಕಪ್ಪ, ಇದು ಯಾವ ಬೇರು, ಯಾವ ಎಲಿ ಅಂತ ಕೇಳಿದ್ಲು. ನಾನು ನಗಚಾಟಿಕಿಗೆ ಅಂದ್ನಿ.”

“ಏನಂದಿ?”

“ಬೇರಲ್ಲಬೇ, ಕಸಾಯಿಖಾನಿದು. ದನದ ಹೊಟ್ಟ್ಯಾಗಿನ ಮಾಂಸ ಹಿಂಡಿ ತಗೀತಾರ ಅಂದ್ನಿ. ಸುಳ್ಳೇನಲ್ರಿ ಅದು.”

“ಆಕಿ?”

“ನಗಲಿಲ್ಲ. ಎರಡೂ ಸೀಸೆ ಉಡ್ಯಾಗ ಹಾಕ್ಕೊಂಡ್ಲು. ಕೈ ಸೆರಗಿಗೆ ಒರಸ್ಕೊಂಡ್ಲು. ಭಾಳ ಹೊತ್ತು ಒರಸ್ಕೊಂಡ್ಲು.”

*

ಆಸ್ಪತ್ರೆಯಲ್ಲಿ ಡಾಕ್ಟರ್ ಪಕ್ಕೀರಪ್ಪ ಕಾಯುತ್ತಿದ್ದರು. ಮರಣಕ್ಕೆ ಕಾರಣ ಅವರು ಹೇಳಿದ್ದೇ ಎಂದು ಪರೀಕ್ಷೆ ಮಾಡಿದವರೂ ಒಪ್ಪಿದ್ದರು. ಪಂಚರ ಎದುರಿಗೆ ಮೊಹರು ಒಡೆದು ಸೀಸೆಯನ್ನು ಮೇಜಿನ ಮೇಲಿಟ್ಟರು. ರಾತ್ರಿಯೆಲ್ಲ ಅಲುಗದೆ ಇದ್ದುದರಿಂದ ಮೇಲಿನ ನೀರು ತಿಳಿಯಾಗಿ, ತಳದಲ್ಲಿ ಬೂದುಬಣ್ಣದ ಗಸಿ ಕುಳಿತಿತ್ತು. ಮದರಾಸಿನ ರಾಸಾಯನಿಕ ಪರೀಕ್ಷಕರಿಗೆ ಕಳಿಸುವಷ್ಟನ್ನು ಉಳಿಸಿ, ಕೆಲವು ಹನಿಗಳನ್ನು ಗಾಜಿನ ತಟ್ಟೆಯಲ್ಲಿ ದೀಪದ ಮೇಲೆ ಹಿಡಿದರು. ನೀರು ಆರಿತು. ನುಣುಪಾದ ಪುಡಿ ಉಳಿಯಿತು. ಇನ್ಸ್‌ಪೆಕ್ಟರು ಅದನ್ನು ಬೆರಳ ತುದಿಯಲ್ಲಿ ಉಜ್ಜಿ ನೋಡಿದರು. ಆ ನುಣುಪನ್ನು ಗುರುತಿಸಲು ಅವರಿಗೆ ಯಾವ ಪರೀಕ್ಷಕರೂ ಬೇಕಾಗಿರಲಿಲ್ಲ. ಅದು ವಿಭೂತಿ.

ಶವಾಗಾರದ ಮುಂದಿನ ಬೇವಿನ ಮರದ ಕೆಳಗೆ ಉಚ್ಚೆಂಗೆಪ್ಪ ಮಗಳ ದೇಹಕ್ಕಾಗಿ ಕಾದು ಕುಳಿತಿದ್ದ.

“ನಿಮ್ಮ ಮನ್ಯಾಗ ವಿಭೂತಿ ಬೆರೆತ ನೀರು ಯಾವುದಿರತೈತಿ?” ಎಂದು ಇನ್ಸ್‌ಪೆಕ್ಟರು ಕೇಳಿದರು.

“ಪಾದೋದಕ, ದೊರಿ. ಅಯ್ಯನವರ ಪಾದ ತೊಳೆದ ತೀರ್ಥ. ನಮ್ಮ ಅಕ್ಕ ದಿನಾ ಮಠದಿಂದ ತರತಾಳ. ಎಲ್ಲಾರಿಗೂ ಒಂದೊಂದು ಗುಟುಕು ಕೊಡತಾಳ.”

“ಅಕ್ಕ ಎಲ್ಲಿ?”

“ಮುಂಜಾನಿ ಮೊದಲನೇ ಬಸ್ಸಿಗೆ ಸಿರುಗುಪ್ಪಕ್ಕ ಹೋದ್ಲು. ಪಾರಮ್ಮಗ ವಾಂತಿ ಹತ್ಯಾವಂತ ಸುದ್ದಿ ಬಂತು. ಕೂಸಿನ ಮಣ್ಣಿಗೂ ನಿಲ್ಲಲಿಲ್ಲ.” ಉಚ್ಚೆಂಗೆಪ್ಪ ತಲೆಯೆತ್ತಿದ. “ಯಾಕ್ರಿ?”

ಡಾಕ್ಟರು ಆಗಲೇ ಔಷಧ ಕೊಡುವ ಕಿಟಕಿಯ ಕಡೆಗೆ ಓಡುತ್ತಿದ್ದರು. ತೀವ್ರ ಜಾತಿಯ, ನೀರಿನಂತೆ ತಿಳಿಯಾದ ಇನ್ಸುಲಿನ್ ಸೀಸೆಗಳು, ಉಪ್ಪುನೀರಿನ ಬಾಟಲಿಗಳು, ರಬ್ಬರಿನ ಕೊಳವೆ ಎಲ್ಲವೂ ಜೀಪಿಗೇರಿದವು. ಇನ್ಸುಲಿನ್ನಿಗೆ ಮಾತ್ರ ಮಾಬುಸಾಬ್ ಎಲ್ಲಿಂದಲೋ ಮಂಜುಗಡ್ಡೆ ತಂದು ಥರ್ಮಾಸು ತುಂಬಿದ್ದ.

“ಲೇ, ಇವತ್ತು ಎತ್ತಿನ ಗಾಡಿ ಅಡ್ಡ ಬಂದ್ರ ಹಾರನ್ ಹೊಡಿಬ್ಯಾಡ, ಹಾರಿಸ್ಕೊಂಡು ಹೋಗು,” ಎಂದು ಅವನು ಚಾಲಕನಿಗೆ ಹೇಳಿದ. ಅದು ತಮಾಷೆಯ ಮಾತೆಂದು ಚಾಲಕನಿಗೂ ಅನ್ನಿಸಲಿಲ್ಲ.

ದಾರಿಯುದ್ದಕ್ಕೂ ಅಂಜಿನಪ್ಪನವರು ಒಂದೇ ಪ್ರಶ್ನೆ ಕೇಳಿದರು.

“ಇನ್ನೂ ವ್ಯಾಳ್ಯಾ ಐತೇನ್ರಿ ಡಾಕ್ಟರ್?”

“ಎಚ್ಚರ ಪೂರ್ತಿ ತಪ್ಪಿರದಿದ್ದರ ಐತಿ.”

*

ಸಿರುಗುಪ್ಪದಲ್ಲಿ ಪಾರಮ್ಮನ ಗಂಡ ದೊಡ್ಡಬಸಪ್ಪ ಭತ್ತದ ಗಿರಣಿಯ ಮೇಸ್ತ್ರಿ. ಹೆಂಡತಿಗೆ ಅಜೀರ್ಣವೆಂದು ಅವನು ತಿಳಿದು, ಶುಂಠಿಯ ಕಷಾಯ ಕುಡಿಸಿದ್ದ. ಒಳಕೋಣೆಯ ಹೊರಸಿನ ಮೇಲೆ ಪಾರಮ್ಮ ಮಲಗಿದ್ದಳು. ಇಪ್ಪತ್ತೆಂಟರ ಹೆಂಗಸು, ಕೆನ್ನೆಗಳು ಗುಳಿ ಬಿದ್ದು ನಲವತ್ತಾದವಳಂತೆ ಕಾಣುತ್ತಿದ್ದಳು. ಎದೆ ತಿದಿಯಂತೆ ಏರಿ ಇಳಿಯುತ್ತಿತ್ತು. ಕೋಣೆಯಲ್ಲಿ ಹಣ್ಣು ಕೊಳೆತ ವಾಸನೆ. ತಲೆದಿಂಬಿನ ಬಳಿ ಕುಳಿತ ಚನ್ನವೀರಮ್ಮ ಒಂದು ಕೈಯಲ್ಲಿ ಮಗಳ ತೊಡೆಯ ಚರ್ಮವನ್ನು ಚಿವುಟಿ ಹಿಡಿದು, ಇನ್ನೊಂದು ಕೈಯಲ್ಲಿ ಸೂಜಿ ಎತ್ತಿದ್ದಳು. ಅದರೊಳಗಿನ ದ್ರವ ಬೆಳ್ಳಗಿತ್ತು.

ಇನ್ಸ್‌ಪೆಕ್ಟರು ಆಕೆಯ ಮಣಿಕಟ್ಟನ್ನು ಹಿಡಿದು ಸೂಜಿಯನ್ನು ತೆಗೆದುಕೊಂಡರು. ಆಕೆ ಕೊಸರಲಿಲ್ಲ.

ಡಾಕ್ಟರು ಪಾರಮ್ಮನ ಮುಚ್ಚಿದ ರೆಪ್ಪೆಗಳನ್ನು ಬೆರಳಿನಿಂದ ಒತ್ತಿದರು. ನೀರಿಂಗಿ ಕಣ್ಣುಗುಡ್ಡೆ ಮೆತ್ತಗಾಗಿತ್ತು. ಕೆನ್ನೆ ತಟ್ಟಿ ಹೆಸರು ಕರೆದಾಗ, ದೂರದಿಂದ ಬಂದಂತೆ, “ಆಂ,” ಎಂಬ ಸದ್ದು ಬಂತು. “ಕೇಳಿಸ್ತೈತಿ. ನೀವೆಲ್ಲ ಹೊರಗ ನಡೀರಿ,” ಎಂದರು ಅವರು. ತಿಳಿ ಇನ್ಸುಲಿನ್ನಿನ ಅರ್ಧವನ್ನು ನರಕ್ಕೂ ಅರ್ಧವನ್ನು ಚರ್ಮದ ಕೆಳಗೂ ಕೊಟ್ಟರು. ತೊಲೆಯ ಗೂಟಕ್ಕೆ ಬಾಟಲಿ ತೂಗುಹಾಕಿ ಉಪ್ಪುನೀರನ್ನು ನರಕ್ಕೆ ಹರಿಸಿದರು. ಪಾರಮ್ಮನ ಮೂತ್ರವನ್ನು ಸಕ್ಕರೆ ಪತ್ತೆ ಮಾಡುವ ನೀಲಿ ದ್ರಾವಣದಲ್ಲಿ ಹಾಕಿ ಅಡುಗೆ ಒಲೆಯ ಮೇಲೆ ಕುದಿಸಿದಾಗ ಅದು ಇಟ್ಟಿಗೆಯಂತೆ ಕೆಂಪಾಯಿತು. ಆ ಕೆಂಪು ಹಸಿರಿಗೆ ತಿರುಗುವವರೆಗೆ ತಾಸಿಗೊಮ್ಮೆ ಸೂಜಿ, ತಾಸಿಗೊಮ್ಮೆ ಪರೀಕ್ಷೆ.

ಹೊರಗಿನ ಪಡಸಾಲೆಯಲ್ಲಿ ಮಾಬುಸಾಬ್ ಕಾಗದ ಬಿಚ್ಚಿದ. ಮಗಳ ಉಸಿರಿನ ಸದ್ದು ಅಲ್ಲಿಗೂ ಕೇಳುತ್ತಿತ್ತು.

“ಸೀಸ್ಯಾಗ ಏನಿತ್ತವ್ವ?”

“ಪಾದೋದಕ.”

“ಮದ್ದು?”

“ಬಚ್ಚಲಕ್ಕ ಚೆಲ್ಲಿದೆ. ಸೂಜೀಲೆ ಎಳೆದು ತಗದೆ. ಪಾದೋದಕ ಸೋಸಿ, ಸೂಜೀಲೆನ ತುಂಬಿದೆ. ಎರಡೂ ಸೀಸೆ. ಯುಗಾದಿಗೆ ಬಂದಿದ್ದ ಪಾರಿ ತನ್ನ ಸೀಸೆ ಒಯ್ದಳು. ಆಕಿ ಹಳೇದು ಈಗ ತೀರಿತ್ತಂತ.”

ಕೇಳಿದಾಗ ಮಾತ್ರ ಆಕೆ ಹೇಳುತ್ತಿದ್ದಳು. ಕೇಳಿದ್ದನ್ನು ಯಾವುದನ್ನೂ ಮುಚ್ಚಿಡಲಿಲ್ಲ. ಕುರುಗೋಡಿನಲ್ಲಿ ತಾವು ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ ಎಂದು ಇನ್ಸ್‌ಪೆಕ್ಟರಿಗೆ ಅರಿವಾಯಿತು. ಕೇಳಿದ್ದರೆ ಅಲ್ಲಿಯೇ ಉತ್ತರ ಸಿಗುತ್ತಿತ್ತು.

“ಯಾಕ ಹಿಂಗ ಮಾಡಿದ್ರಿ?”

“ಕೊಳ್ಳಾಗ ಲಿಂಗ ಐತ್ರಿ. ತೊಡಿಗೆ ದನದ ಮಾಂಸ ಇಳಿಸೀನಿ, ಎರಡು ವರ್ಷ, ಇದೇ ಕೈಲೆ. ಇದೇ ಕೈಲೆ ಪೂಜಿ ಮಾಡೀನಿ. ಅಂಗಡ್ಯಾಗ ಅವ ಹೇಳಿದ ದಿನದಿಂದ ನನಗ ತುತ್ತು ಇಳೀವಲ್ದು.”

“ವಿರೂಪಮ್ಮಗ ಹೇಳಬೇಕಿತ್ತು. ಡಾಕ್ಟರಿಗೆ ಹೇಳಬೇಕಿತ್ತು.”

“ಕೂಸಿಗೆ ಹೇಳಿದ್ರ ಆಕಿ ಸೂಜಿ ಬಿಡತಿದ್ಲು. ಸೂಜಿ ಬಿಟ್ರ ಸಾಯ್ತಾಳಂತ ಡಾಕ್ಟರು ಹೇಳ್ಯಾರ. ಅದಕ್ಕ ಸೂಜಿ ಬಿಡಸಲಿಲ್ಲ. ಒಳಗಿಂದಷ್ಟ ಬದಲಿ ಮಾಡಿದ್ನಿ.”

ಮಾಬುಸಾಬ್‌ನ ಲೇಖನಿ ನಿಂತಿತು. ಆ ಸೀಮೆಯಲ್ಲಿ ಜ್ವರಕ್ಕೂ ಸೂಜಿ, ಸುಸ್ತಿಗೂ ಸೂಜಿ. ಗುಳಿಗೆ ಕೊಡುವ ಡಾಕ್ಟರನ್ನು ಬಿಟ್ಟು ಚುಚ್ಚುವವನನ್ನು ಹುಡುಕಿಕೊಂಡು ಜನ ಹರದಾರಿ ನಡೆಯುತ್ತಾರೆ. ಗುಣ ಇರುವುದು ಚುಚ್ಚುವುದರಲ್ಲಿ. ಒಳಗಿನ ನೀರು ಯಾವುದಾದರೇನು ಎಂಬುದು ಅವರ ನಂಬಿಕೆ. ಹಾಗಿರುವಾಗ ಆ ಒಳಗಿನ ನೀರು ಕಸಾಯಿಖಾನೆಯದಾಗುವ ಬದಲು ಗುರುವಿನ ಪಾದದ್ದಾದರೆ ಒಳ್ಳೆಯದಲ್ಲವೇ? ತನ್ನ ಈ ಲೆಕ್ಕದಲ್ಲಿ ಆಕೆಗೆ ಒಂದು ಬಿರುಕೂ ಕಂಡಿರಲಿಲ್ಲ.

“ವಿರೂಪಮ್ಮ ಸತ್ತ ಮ್ಯಾಲೂ ಮಗಳಿಗೆ ಅದನ್ನ ಚುಚ್ಚಾಕ ಹೆಂಗ ಮನಸಾತು?”

“ಮೊದಲ ಮೈಗೆ ಇಳಿದಿದ್ದ ದನದ್ದು ಆಕಿನ್ನ ಕೊಂದೈತಿ ಅಂದ್ಕೊಂಡೆ. ಪಾದೋದಕ ತಡಾ ಆತು ಅಂದ್ಕೊಂಡೆ. ಪಾರಿಗೆ ಬ್ಯಾನಿ ಬಂದು ವರ್ಷ ಸುಮಾರು ಅಷ್ಟ, ಆಕಿ ಮೈಗೆ ಇಳಿದದ್ದು ಕಡಿಮಿ. ಉಳೀತಾಳ ಅಂದ್ಕೊಂಡೆ.”

ಸಂಜೆ ಆರರ ಸುಮಾರಿಗೆ ಒಳಗಿನ ಉಸಿರಿನ ಸದ್ದು ತಗ್ಗಿತು. ದೊಡ್ಡಬಸಪ್ಪ ಗಾಬರಿಯಿಂದ ಎದ್ದು ನಿಂತ. ತುಸು ಹೊತ್ತಿಗೆ ಡಾಕ್ಟರು ಬಾಗಿಲಿಗೆ ಬಂದರು. ಅವರ ಕೈಯಲ್ಲಿದ್ದ ಗಾಜಿನ ನಳಿಗೆಯಲ್ಲಿ ದ್ರಾವಣ ಹಸಿರಾಗಿತ್ತು.

“ಉಸಿರು ಹದಕ್ಕ ಬಂದೈತಿ. ನೀರು ಕೇಳಿದ್ಲು. ಇನ್ನ ಸಕ್ಕರಿ ತೀರಾ ಇಳೀಬಾರದು, ಅದೂ ಸಾವ. ಗ್ಲೂಕೋಸ್ ಸುರು ಮಾಡ್ತೀನಿ.”

ಚನ್ನವೀರಮ್ಮ ಡಾಕ್ಟರ ಮುಖವನ್ನೇ ನೋಡಿದಳು.

“ಯಾವುದು ಕೊಟ್ರಿ?”

“ಇನ್ಸುಲಿನ್ನವ್ವ. ಅದೇ, ಅಂಗಡೀದು.”

“ಉಳೀತಾಳ?”

“ಉಳೀತಾಳ.”

ಆಕೆ ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಡಿಸಿಟ್ಟು ನೋಡುತ್ತ ಕುಳಿತಳು.

“ಹಂಗಾರ ವಿರೂಪಿನ್ನ ನಾನ ಕೊಂದೆ,” ಎಂದಳು.

ಇನ್ಸ್‌ಪೆಕ್ಟರು ಎದ್ದು, ನಿಯಮದಂತೆ ಆಕೆಗೆ ದಸ್ತಗಿರಿಯ ಮಾತನ್ನು ತಿಳಿಸಿದರು. ಆಕೆ ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ, ಒಳಗೆ ಕೇಳಿಸದಂತೆ ಹೇಳಿದಳು.

“ಒಂದು ಕೇಳ್ತೀನಿ. ಅದು ಎಲ್ಲಿಂದು ಅಂತ ಪಾರಿಗೆ ಹೇಳಬ್ಯಾಡ್ರಿ. ಗೊತ್ತಾದ್ರ ಆಕಿ ತಗೊಳ್ಳಾಂಗಿಲ್ಲ. ಸಾಯ್ತಾಳ.”

ಠಾಣೆಯಲ್ಲಿ ಹೆಂಗಸು ಪೊಲೀಸರಿಲ್ಲದ ಕಾಲ. ನೆರೆಮನೆಯ ಹುಲುಗಮ್ಮನನ್ನು ಜೊತೆಗಿರಿಸಿ ಆಕೆಯನ್ನು ಸಿರುಗುಪ್ಪದ ಠಾಣೆಗೆ ಕಳಿಸಿದರು.

*

ಆ ಕೋರಿಕೆ ಇನ್ಸ್‌ಪೆಕ್ಟರನ್ನು ಬಿಡಲಿಲ್ಲ. ಪ್ರಕರಣ ಈಗ ನಿರ್ಲಕ್ಷ್ಯದಿಂದಾದ ಮರಣ ಮತ್ತು ಜೀವಾಪಾಯದ ಕಲಮುಗಳಿಗೆ ಬದಲಾಗಿತ್ತು. ಪಾರಮ್ಮ ಅದರಲ್ಲಿ ಮುಖ್ಯ ಸಾಕ್ಷಿ. ತಾಯಿ ಏಕೆ ಹಾಗೆ ಮಾಡಿದಳೆಂಬುದನ್ನು ದೋಷಾರೋಪಪಟ್ಟಿಯಲ್ಲಿ ಬರೆಯದೆ ಗತಿಯಿಲ್ಲ. ಬರೆದರೆ ಕೋರ್ಟಿನಲ್ಲಿ ಮಗಳ ಮುಂದೆಯೇ ಅದನ್ನು ಓದುತ್ತಾರೆ. ಹೆಂಗಸು ಆ ಸೂಜಿಯನ್ನು ಬಿಟ್ಟಳೆಂದರೆ ಒಂದು ಸಾವಿನ ನ್ಯಾಯಕ್ಕಾಗಿ ಇನ್ನೊಂದು ಸಾವನ್ನು ಅವರೇ ತಂದಂತೆ.

ಶನಿವಾರ ಬೆಳಿಗ್ಗೆ ಪಾರಮ್ಮ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಡಾಕ್ಟರು ಹತ್ತಿರದಲ್ಲೇ ಸೂಜಿಯನ್ನು ಕುದಿಸಲು ಇಟ್ಟಿದ್ದರು. ವಿರೂಪಮ್ಮನ ಸಾವು, ಸೀಸೆಯೊಳಗಿನ ಪಾದೋದಕ, ತಾಯಿಯ ದಸ್ತಗಿರಿ ಎಲ್ಲವನ್ನೂ ಗಂಡ ಹೇಳಿದ್ದ. ಏಕೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಇನ್ಸ್‌ಪೆಕ್ಟರು ಸ್ಟೂಲಿನ ಮೇಲೆ ಕುಳಿತು ಮಾತಿಗೆ ದಾರಿ ಹುಡುಕುತ್ತಿದ್ದಾಗ ಅವಳೇ ಕೇಳಿದಳು.

“ಅವ್ವಗ ಗೊತ್ತಾತು, ಹೌದಲ್ರಿ? ಅದು ದನದ್ದು ಅಂತ.”

ಡಾಕ್ಟರು ತಿರುಗಿ ನೋಡಿದರು.

“ನಿಮಗ ಗೊತ್ತಿತ್ತೇನು?” ಎಂದರು ಇನ್ಸ್‌ಪೆಕ್ಟರು.

“ಮೊದಲನೇ ಸೀಸೆ ತರಾಕ ಹೋದಾಗನ ಆ ಕಂಪೌಂಡರ್ ಹೇಳಿದ್ದ, ನಗಕೋಂತ. ಮೂರು ದಿನ ಉಪಾಸ ಇದ್ದೆ. ಆಮ್ಯಾಲ ಅಯ್ಯನವರನ್ನ ಕೇಳಿದೆ. ಜೀವ ಹಿಡಿಯೂ ಮದ್ದಿಗೆ ಮೈಲಿಗಿ ಇಲ್ಲ, ತಗೋ ತಂಗಿ ಅಂದ್ರು. ತಗೊಂಡೆ.” ಅವಳು ಗಂಜಿಯ ಬಟ್ಟಲನ್ನು ಕೆಳಗಿಟ್ಟಳು. “ಅವ್ವಗ ಹೇಳಲಿಲ್ಲ. ಆಕಿ ದಿನಾ ವಿರೂಪಿಗೆ ಚುಚ್ಚಾಕಿ. ತಿಳಿದ್ರ ಆ ಕೈಗೆ ಸಹಿಸೂದಿಲ್ಲ ಅಂದ್ಕೊಂಡೆ. ಹೇಳಿದ್ರ, ಅಯ್ಯನವರ ಮಾತೂ ಹೇಳತಿದ್ದೆ. ವಿರೂಪಿ ಇರತಿದ್ಲು.”

ಸೂಜಿ ಕುದಿಯುವ ಸದ್ದು ಕೇಳುತ್ತಿತ್ತು. ಪಾರಮ್ಮ ಸೀರೆ ಸರಿಸಿ, ತೊಡೆಯನ್ನು ತಾನೇ ಚಿವುಟಿ ಹಿಡಿದು ಡಾಕ್ಟರಿಗೆ ತೋರಿಸಿದಳು. ಚುಚ್ಚಿಸಿಕೊಂಡ ಮೇಲೆ ಹೇಳಿಕೆಗೆ ಸಹಿ ಮಾಡಿದಳು.

“ನನಗ ಮೊದಲ ಗೊತ್ತಿತ್ತು ಅಂತ ಅವ್ವಗ ಹೇಳಬ್ಯಾಡ್ರಿ,” ಎಂದಳು. “ಇಷ್ಟ ಭಾರ ಸಾಕು ಆಕಿಗೆ.”

ದೋಷಾರೋಪಪಟ್ಟಿಯಲ್ಲಿ ಕಾರಣ ಬರೆಯುವಾಗ ಅಂಜಿನಪ್ಪನವರು ‘ಮೂಢನಂಬಿಕೆ’ ಎಂಬ ಒಂದು ಪದದಿಂದ ಮುಗಿಸಬಹುದಾಗಿತ್ತು, ಮುಗಿಸಲಿಲ್ಲ. ಆರೋಪಿಯು ಇಬ್ಬರು ಹೆಣ್ಣುಮಕ್ಕಳ ಜೀವವನ್ನೂ ಆಚಾರವನ್ನೂ ಒಟ್ಟಿಗೆ ಉಳಿಸಲು ಬಯಸಿದ್ದಳೆಂದೂ, ಯಾರನ್ನಾದರೂ ಕೇಳಿದ್ದರೆ ಎರಡೂ ಉಳಿಯುತ್ತಿದ್ದವೆಂದೂ, ಕೇಳಿದರೆ ಮಕ್ಕಳಿಗೆ ತಿಳಿದೀತೆಂಬ ಭಯದಿಂದ ಯಾರನ್ನೂ ಕೇಳಲಿಲ್ಲವೆಂದೂ ಬರೆದರು.

ಅದೆಲ್ಲ ಅನಂತರದ ಮಾತು. ಆ ಶನಿವಾರ ಮಧ್ಯಾಹ್ನ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಜೀಪು ಬಳ್ಳಾರಿಗೆ ಹೊರಟಿತು. ಹಿಂದಿನ ಆಸನದಲ್ಲಿ ಹುಲುಗಮ್ಮನ ಪಕ್ಕ ಚನ್ನವೀರಮ್ಮ ಕುಳಿತಿದ್ದಳು. ಊರು ದಾಟಿ, ಹಸಿರು ಗದ್ದೆಗಳು ಮುಗಿದು ಕಪ್ಪು ಎರೆಯ ಬಯಲು ತೆರೆದುಕೊಂಡ ಮೇಲೆ ಆಕೆ ಮುಂದಕ್ಕೆ ಬಾಗಿದಳು.

“ಇವತ್ತು ಸೂಜಿ ತಗೊಂಡ್ಲೇನ್ರಿ?”

“ತಗೊಂಡ್ಲವ್ವ.”

“ನೀವು ಹೇಳಲಿಲ್ಲ, ಹೌದಲ್ರಿ?”

ಮಾಬುಸಾಬ್ ಹೊರಗಿನ ಬಯಲನ್ನು ನೋಡತೊಡಗಿದ. ಇನ್ಸ್‌ಪೆಕ್ಟರು ತಿರುಗದೆ, ರಸ್ತೆಯ ಮೇಲೆಯೇ ಕಣ್ಣಿಟ್ಟು ಉತ್ತರ ಕೊಟ್ಟರು.

“ನಾವು ಏನೂ ಹೇಳಿಲ್ಲವ್ವ.”